ಎಂಟು ಇಟ್ಟಿಗೆ ಎತ್ತರದ ಅಡುಗೆಮನೆ

ನಾನು ಅಡುಗೆಮನೆಯ ನಟ್ಟನಡುವೆ ನಿಂತುಕೊಂಡು, "ಅಡುಗೆಮನೆ ಎಲ್ಲಿ?" ಎಂದು ಕೇಳಿದೆ.

ಮನೆ ತೋರಿಸುತ್ತಿದ್ದ ಹುಲಿಗೆಮ್ಮಕ್ಕ ನನ್ನನ್ನೊಮ್ಮೆ, ನನ್ನ ಗಂಡ ಸುಧಾಕರನನ್ನೊಮ್ಮೆ ನೋಡಿದರು. "ನಿಂತೀಯಲ್ಲವ್ವಾ, ಇದಾ ಅಡಿಗಿಮನಿ" ಎಂದರು.

ನಾಲ್ಕು ಗೋಡೆ, ಬೋಳು ನೆಲ. ಒಂದು ಮೂಲೆಯಲ್ಲಿ ನೆಲವೂ ಗೋಡೆಯೂ ಮಸಿ ಹಿಡಿದಿದ್ದವು. ಅದರ ಮೇಲೆ, ಸೂರಿನ ಹತ್ತಿರ, ಹೊಗೆ ಹೋಗಲೊಂದು ಕಿಂಡಿ. ಇನ್ನೊಂದು ಮೂಲೆಯಲ್ಲಿ ಮೊಳದಗಲದ ಕಲ್ಲು ಹಾಸಿ, ಸುತ್ತ ಬೆರಳೆತ್ತರದ ಅಂಚು ಕಟ್ಟಿ, ನೀರು ಹರಿದುಹೋಗಲು ತೂತು ಬಿಟ್ಟಿದ್ದರು. ಗೋಡೆಯಲ್ಲಿ ಎರಡು ಗೂಡು. ಅಷ್ಟೇ. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಸೊಂಟದೆತ್ತರದಲ್ಲಿ ಒಂದು ಲೋಟ ಇಡುವುದಕ್ಕೂ ಜಾಗ ಇಲ್ಲ. ಕುಂದಾಪುರದಲ್ಲಿ ನಾನು ಆರು ವರ್ಷ ಇಂಜಿನಿಯರೊಬ್ಬರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆದವಳು. ಅಡುಗೆಮನೆ ಎಂದೊಡನೆ ನನ್ನ ಕೈ ತಾನಾಗಿ ಗೋಡೆಗುಂಟ ಎರಡು ಗೆರೆ ಎಳೆದು ಕಟ್ಟೆ ಮಾಡುತ್ತಿತ್ತು, ನೆಲದಿಂದ ಮೂವತ್ತೆರಡು ಇಂಚು ಎಂದು ಬರೆಯುತ್ತಿತ್ತು. ಆ ಎರಡು ಗೆರೆ ಇಲ್ಲದ ಅಡುಗೆಮನೆಯೊಂದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಊರಿನವರು ಫೋನ್ ಮಾಡಿದಾಗ ಮೊದಲು ಕೇಳುವುದು ಬಿಸಿಲಿನ ಸುದ್ದಿ. ಬಿಸಿಲಿಗೆ ಒಗ್ಗಿಕೊಳ್ಳಲು ನನಗೆ ಒಂದು ಬೇಸಿಗೆ ಸಾಕಾಯಿತು. ನೆಲಕ್ಕೆ ಒಗ್ಗಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಬಳ್ಳಾರಿಯ ಕಡೆಗೆ ಬಂದದ್ದು ಗಣಿಯ ಭರಾಟೆಯ ದಿನಗಳಲ್ಲಿ. ಸುಧಾಕರನಿಗೆ ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಇಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತ್ತು. ಕೆಲಸ ಸಿಗುವುದು ಸುಲಭ, ಮನೆ ಸಿಗುವುದು ಕಷ್ಟ ಎನ್ನುವ ಕಾಲ ಅದು. ಒಡಿಶಾದವರು, ಬಿಹಾರದವರು, ಆಂಧ್ರದವರು, ಎಲ್ಲರೂ ಬಂದು ಒಂದೊಂದು ಕೋಣೆಯಲ್ಲಿ ಎಂಟೆಂಟು ಜನ ಮಲಗುತ್ತಿದ್ದರು. ದನದ ಕೊಟ್ಟಿಗೆಗೆ ತಗಡು ಹೊದಿಸಿ ಬಾಡಿಗೆಗೆ ಕೊಟ್ಟವರನ್ನೂ ನೋಡಿದೆ. ಕುರೆಕುಪ್ಪದ ಹುಲಿಗೆಮ್ಮಕ್ಕ ಮಾತ್ರ ತಮ್ಮ ಮನೆಯ ಅರ್ಧ ಭಾಗವನ್ನು ಖಾಲಿ ಇಟ್ಟುಕೊಂಡು, "ಸಂಸಾರ ಇದ್ದೋರಿಗೆ ಕೊಡ್ತೀನಿ, ಒಬ್ರಿಗೊಬ್ರು ಮಾತಾಡಾಕ ಆಗ್ತೈತಿ" ಎಂದು ಹಟ ಹಿಡಿದಿದ್ದರು. ಅವರಿಗೆ ಐವತ್ತರ ಆಸುಪಾಸು. ಗಂಡ ಹನುಮಂತಪ್ಪ ಮೊದಲು ಬೇಸಾಯ ಮಾಡುತ್ತಿದ್ದವರು, ಈಗ ಅದಿರು ತೂಗುವ ಯಾರ್ಡೊಂದರಲ್ಲಿ ಕಾವಲುಗಾರ. ಮಕ್ಕಳಿರಲಿಲ್ಲ.

ನಮ್ಮೂರಿನ ಮಣ್ಣೂ ಕೆಂಪೇ. ಆದರೆ ಅದು ಒಂದು ಮಳೆ ಬಿದ್ದರೆ ಇದ್ದಲ್ಲೇ ಇರುತ್ತದೆ. ಇಲ್ಲಿಯ ಕೆಂಪು ಗಾಳಿಯಲ್ಲಿ ಇರುತ್ತದೆ. ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುವಾಗ ಏಳುವ ಧೂಳು ಹಾಸಿಗೆಯ ಮೇಲೆ, ಹಲ್ಲುಜ್ಜುವ ಬ್ರಶ್ಶಿನ ಮೇಲೆ, ಮುಚ್ಚಿಟ್ಟ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಬಂದು ಕೂರುತ್ತದೆ. ಕೈಯಿಂದ ಒರಸಿದರೆ ಸಣ್ಣಗೆ ಮಿನುಗುತ್ತದೆ. ಮೊದಲ ವಾರ ನಾನು ದಿನಕ್ಕೆ ನಾಲ್ಕು ಸಲ ಒರಸಿದೆ. ಎರಡನೆಯ ವಾರ ಎರಡು ಸಲ. ಆಮೇಲೆ ಹುಲಿಗೆಮ್ಮಕ್ಕನ ಹಾಗೆ, ಉಪಯೋಗಿಸುವ ಮೊದಲು ಒಮ್ಮೆ ಸೆರಗಿನಿಂದ ಕೊಡವಿ ಮುಂದಕ್ಕೆ ಹೋಗುವುದನ್ನು ಕಲಿತೆ.

ಅಡುಗೆಮನೆಯಲ್ಲಿ ಮಾತ್ರ ಸೋಲಲು ಮನಸ್ಸಿರಲಿಲ್ಲ. ಹೊಸಪೇಟೆಯಿಂದ ಒಂದು ಹಳೆಯ ಮೇಜು ತರಿಸಿ, ಅದರ ಮೇಲೆ ಗ್ಯಾಸಿನ ಒಲೆ ಇಟ್ಟು, ನಮ್ಮೂರಿನಂತೆ ನಿಂತು ಕುಚ್ಚಲಕ್ಕಿ ಬೇಯಿಸಿದೆ. ಬಾಗಿಲಲ್ಲಿ ನಿಂತು ನೋಡಿದ ಹುಲಿಗೆಮ್ಮಕ್ಕನಿಗೆ ನಗು ತಡೆಯಲಾಗಲಿಲ್ಲ.

"ಬಸ್ಸಿಗೆ ಕಾಯೋರಂಗ ನಿಂತೀಯಲ್ಲವ್ವಾ. ಅಡಿಗಿ ಮಾಡೋದು ಅಂದ್ರ ಕುಂದ್ರಬೇಕು."

ಕುಂದ್ರು ಎಂದರೆ ಕುಳಿತುಕೋ. ಈ ಕಡೆ ಮನೆಗೆ ಹೋದರೆ ಕಿವಿಗೆ ಬೀಳುವ ಮೊದಲ ಮಾತೂ ಅದೇ: "ಬರ್ರಿ, ಕುಂದ್ರಿ." ನಮ್ಮ ಕಡೆ ಜಗಲಿಯಲ್ಲಿ ಕುರ್ಚಿ ತೋರಿಸುತ್ತೇವೆ. ಇಲ್ಲಿ ಚಾಪೆ ಹಾಸುತ್ತಾರೆ. ನಾನು ಕುಂದ್ರಲು ಕಲಿತದ್ದು ರೊಟ್ಟಿಯ ನೆಪದಲ್ಲಿ. ಜೋಳದ ಹಿಟ್ಟಿಗೆ ಕುದಿವ ನೀರು ಹಾಕಿ ನಾದಿ, ಮುದ್ದೆಯನ್ನು ಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯಬೇಕು. ಇಲ್ಲಿ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ತಟ್ಟುವುದೂ ಇಲ್ಲ. ಬಡಿಯುವುದು ಎಂದೇ ಅನ್ನುತ್ತಾರೆ. ಹುಲಿಗೆಮ್ಮಕ್ಕ ಒಂದು ಕಾಲು ಮಡಿಸಿ, ಇನ್ನೊಂದನ್ನು ಚಾಚಿ, ಬಗ್ಗಿ ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಾ ದೊಡ್ಡದಾಗುತ್ತಿತ್ತು. ನನ್ನದು ಕರಾವಳಿಯ ನಕ್ಷೆಯಂತೆ ಒಂದು ಕಡೆ ಹರಿದು ಉದ್ದವಾಗುತ್ತಿತ್ತು. ಮಂಡಿ ಜೋಮು ಹಿಡಿಯುತ್ತಿತ್ತು.

"ಕೈಯಿಂದ ಬಡೀಬ್ಯಾಡ, ಹೆಗಲಿಂದ ಬಡಿ" ಎಂದು ಅವರು ಹೇಳಿದ್ದು ನನಗೆ ತಿಂಗಳಾದ ಮೇಲೆ ಅರ್ಥವಾಯಿತು.

ಆ ತಿಂಗಳುಗಳಲ್ಲಿ ನನಗಿದ್ದ ಒಡನಾಟ ಅದೊಂದೇ. ಸುಧಾಕರ ಪಾಳಿಯ ಮೇಲೆ ಪಾಳಿ ಮಾಡುತ್ತಿದ್ದ. ಅಂಗಡಿಗಳಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ನಾನು ಕನ್ನಡ ಮಾತಾಡಿದರೂ "ಯಾವ ಭಾಷಿರೀ ನಿಮ್ದು?" ಎಂದು ಕೇಳುತ್ತಿದ್ದರು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪಕ್ಕದ ಗೋಡೆಯಿಂದ ರೊಟ್ಟಿ ಬಡಿಯುವ ಸದ್ದು ಬಂದರೆ ಎದ್ದು ಹೋಗಿ ಎದುರು ಕುಂದ್ರುತ್ತಿದ್ದೆ. ಪುಂಡಿಪಲ್ಲೆ ಎಂಬ ಹುಳಿ ಸೊಪ್ಪಿನ ಪಲ್ಯ, ಗುರೆಳ್ಳಿನ ಕಪ್ಪು ಚಟ್ನಿ, ಬಿಸಿ ರೊಟ್ಟಿ. ಮೀನಿಲ್ಲದ ಊಟ ಊಟವೇ ಎಂದು ಬಂದ ಹೊಸತರಲ್ಲಿ ಕೊರಗಿದವಳು ನಾನೇ ಏನು ಎಂದು ಈಗ ಅನ್ನಿಸುತ್ತದೆ.

ಬೇಸಿಗೆಯ ಆರಂಭದಲ್ಲಿ ಒಂದು ಬೆಳಿಗ್ಗೆ ಹುಲಿಗೆಮ್ಮಕ್ಕ ಗಿರಣಿಯಿಂದ ಜೋಳದ ಹಿಟ್ಟು ಬೀಸಿಸಿಕೊಂಡು ಬರುವಾಗ ರಸ್ತೆ ದಾಟುತ್ತಿದ್ದರು. ಧೂಳಿನಲ್ಲಿ ಮುಂದಿನ ಲಾರಿ ಕಂಡಿತು, ಹಿಂದಿನದು ಕಾಣಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವರ ಎಡಗಾಲನ್ನು ಮಂಡಿಯ ಮೇಲಕ್ಕೆ ತೆಗೆದರು. ನಾನು ನೋಡಲು ಹೋದಾಗ ಅವರು ಕೇಳಿದ್ದು, "ಹಿಟ್ಟಿನ ಡಬ್ಬಿ ಯಾರರ ತಂದ್ರೇನು?" ಎಂದು. ತಂದಿದ್ದೇನೆ ಎಂದು ಸುಳ್ಳು ಹೇಳಿದೆ.

ಅವರು ಮನೆಗೆ ಬರುವಷ್ಟರಲ್ಲಿ ಎಮ್ಮಿಗನೂರಿನಿಂದ ತಂಗಿ ದುರುಗಮ್ಮ ಬಂದಿದ್ದರು. ಅಲ್ಲಿ ಅವರಿಗೆ ಗದ್ದೆ, ಕಬ್ಬು, ದೊಡ್ಡ ಸಂಸಾರ. ಎಲ್ಲವನ್ನೂ ಸೊಸೆಯ ಕೈಗೆ ಕೊಟ್ಟು ಅಕ್ಕನ ಮನೆಯ ಅಡುಗೆಗೆ ನಿಂತರು. ಮಾತು ಕಡಿಮೆ, ಕೈ ಜೋರು. ಹುಲಿಗೆಮ್ಮಕ್ಕ ಎರಡು ಊರುಗೋಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ದುರುಗಮ್ಮ, "ಹೋಗಿ ಕುಂದ್ರಬೇ ಅಕ್ಕಾ, ತಂದ್ಕೊಡ್ತೀನಿ" ಎನ್ನುತ್ತಿದ್ದರು. ಅವರು ಪಡಸಾಲೆಗೆ ಹೋಗಿ ಮಂಚದ ಮೇಲೆ ಕೂರುತ್ತಿದ್ದರು. ತಟ್ಟೆ ಬರುತ್ತಿತ್ತು. ಅರ್ಧ ರೊಟ್ಟಿ ಉಳಿಯುತ್ತಿತ್ತು.

ಒಮ್ಮೆ ಯಾರೂ ಇಲ್ಲದಾಗ ನೆಲಕ್ಕಿಳಿದು ಒಲೆಯ ಮುಂದೆ ಕೂತರು. ಕೂರಲು ಆಯಿತು. ಆದರೆ ನೀರು ಆ ಮೂಲೆಯಲ್ಲಿ, ಹಿಟ್ಟು ಗೂಡಿನಲ್ಲಿ, ಪಾತ್ರೆ ಇನ್ನೊಂದು ಗೋಡೆಗೆ. ಎರಡು ಕಾಲಿದ್ದಾಗ ಕುಕ್ಕರಗಾಲಿನಲ್ಲೇ ಸರಿದು ಎಲ್ಲವನ್ನೂ ಎಟುಕಿಸಿಕೊಳ್ಳುತ್ತಿದ್ದ ಹೆಂಗಸು, ಈಗ ಒಂದು ಚೊಂಬು ನೀರಿಗೆ ನೆಲದ ಮೇಲೆ ತೆವಳಬೇಕಾಯಿತು. ಏಳಲಂತೂ ಆಗಲೇ ಇಲ್ಲ. ನಾನು ಸದ್ದು ಕೇಳಿ ಹೋದಾಗ ಗೋಡೆಗೊರಗಿ ಕೂತಿದ್ದರು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದರು.

"ನನ್ನ ಅಡಿಗಿಮನಿ ಎಷ್ಟು ದೊಡ್ಡದೈತಿ ಅಂತ ಇವತ್ತು ಗೊತ್ತಾತು ನೋಡು" ಎಂದರು.

ಅದೇ ವಾರ ಹನುಮಂತಪ್ಪಣ್ಣ ನಮ್ಮ ಬಾಗಿಲಿಗೆ ಬಂದರು. ಟವೆಲ್ ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಮ್ಮಿಬ್ಬರ ಮುಖ ನೋಡದೆ ಹೇಳಿದರು. "ನಾಟಿ ಹೊತ್ತಿಗೆ ದುರುಗಿ ಊರಿಗೆ ಹೋಗಬೇಕು. ಈಕಿನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀವಿ. ಮನಿ ಪೂರಾ ಗುತ್ತಿಗಿಯೋರು ಕೇಳಾಕತ್ತಾರ, ಅವರ ಹುಡುಗರಿಗೆ ಬೇಕಂತ. ನೀವು ಬ್ಯಾರೆ ಎಲ್ಲ್ಯಾರ ನೋಡ್ಕೋರಿ."

ಬೇರೆ ಎಲ್ಲೂ ಇಲ್ಲ ಎಂದು ಅವರಿಗೂ ಗೊತ್ತಿತ್ತು. ಸುಧಾಕರ ಯಾರದೋ ಕೋಣೆಯಲ್ಲಿ ಒಂಬತ್ತನೆಯವನಾಗಬೇಕು, ನಾನು ಕುಂದಾಪುರಕ್ಕೆ ಹಿಂತಿರುಗಬೇಕು. ಆರು ತಿಂಗಳ ಹಿಂದೆ ಆಗಿದ್ದರೆ ಅಂದೇ ಬಟ್ಟೆ ಕಟ್ಟುತ್ತಿದ್ದೆ. ಈಗ ಅದು ನನಗೆ ಇಷ್ಟವಿಲ್ಲ ಎಂಬುದು ಗೊತ್ತಾಗಿ ನನಗೇ ಆಶ್ಚರ್ಯವಾಯಿತು.

"ಅಕ್ಕನೇ ಅಡುಗೆ ಮಾಡುವಂತಾದರೆ?" ಎಂದು ಕೇಳಿದೆ.

"ಹೆಂಗ ಮಾಡ್ತಾಳವ್ವಾ?"

"ಅಡುಗೆಮನೆ ಬದಲಾಯಿಸಿದರೆ?"

ಅವರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೋದರು. ಬೇಡ ಅನ್ನಲಿಲ್ಲವಲ್ಲ ಎಂದು ನಾನು ಅಂದೇ ಕಾಗದ, ಸ್ಕೇಲು ತೆಗೆದೆ.

ಎರಡು ದಿನ ಕೂತು ಚೆಂದದ ನಕ್ಷೆ ಬರೆದೆ. ಗೋಡೆಗುಂಟ ಎಲ್ ಆಕಾರದ ಕಟ್ಟೆ, ಮೂವತ್ತೆರಡು ಇಂಚು, ಕಡಪ ಕಲ್ಲಿನ ಹಾಸು, ಸಿಂಕ್, ಮೇಲೆ ಕಪಾಟು. ಕೂತು ಕೆಲಸ ಮಾಡಲು ಒಂದು ಎತ್ತರದ ಸ್ಟೂಲು. ಕಟ್ಟೆಯ ಮುಂದೆ ದೊಡ್ಡ ಕಿಟಕಿ, ನಮ್ಮೂರಿನಲ್ಲಿ ಇರುವಂತೆ. ಬಣ್ಣದ ಪೆನ್ಸಿಲಿನಲ್ಲಿ ಕಲ್ಲಿಗೆ ಕಪ್ಪು ತುಂಬಿದೆ.

ಹುಲಿಗೆಮ್ಮಕ್ಕ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಲೆ ಯಾವುದು, ನೀರು ಎಲ್ಲಿ ಎಂದು ಬೆರಳಿಟ್ಟು ಕೇಳಿದರು. ಕೊನೆಗೆ ಕೇಳಿದ್ದು, "ಇದ್ರಾಗ ನಾನೆಲ್ಲಿದೀನಿ?"

ಸ್ಟೂಲಿನ ಚಿಕ್ಕ ವೃತ್ತ ತೋರಿಸಿದೆ.

"ಅದರ ಮ್ಯಾಲೆ ನನ್ನ ಯಾರು ಎತ್ತಿ ಕುಂದ್ರಸೋರು?"

ದುರುಗಮ್ಮ ಹಿಂದಿನಿಂದ ಬಗ್ಗಿ ನೋಡಿ, "ರಸ್ತಿ ಕಡೆ ಕಿಟಕಿನಾ? ರೊಟ್ಟಿ ಕೆಂಪಾಕ್ಕಾವ" ಎಂದು ಒಳಗೆ ಹೋದರು.

ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಆರು ವರ್ಷದಲ್ಲಿ ನಾನು ಬರೆದ ಯಾವ ಅಡುಗೆಮನೆಯಲ್ಲೂ ಮನುಷ್ಯರನ್ನು ಬರೆದಿರಲಿಲ್ಲ. ಕಟ್ಟೆಯ ಎತ್ತರವನ್ನು ಯಾರ ಮೊಣಕೈಗೂ ಹಿಡಿದು ನೋಡಿರಲಿಲ್ಲ. ಮೂವತ್ತೆರಡು ಇಂಚು ಎಲ್ಲಿಂದ ಬಂತು? ಯಾರೋ ಬರೆದದ್ದನ್ನು ನಾನೂ ಬರೆಯುತ್ತಾ ಬಂದಿದ್ದೆ.

ಮರುದಿನ ಕಾಗದ ಒಳಗಿಟ್ಟು, ಹಿತ್ತಿಲಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ಬೇವಿನ ಮರದ ಕೆಳಗೆ ಹೊತ್ತು ತಂದೆ. ಹುಲಿಗೆಮ್ಮಕ್ಕನನ್ನು ಒಂದು ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೆ ಹಲಗೆ ಹಾಕಿದೆ. ಹಿಟ್ಟು ನಾದುವ ಅಗಲ ತಟ್ಟೆ, ಪರಾತವನ್ನು, ಮುಂದಿಟ್ಟೆ. ಐದು ಇಟ್ಟಿಗೆಗೆ ಹಲಗೆ ತೊಡೆಗೆ ಒತ್ತಿತು. ಏಳಕ್ಕೆ ತೊಡೆ ತೂರಿತು, ಮಂಡಿ ತಾಗಿತು. ಹತ್ತು ಮಾಡಿದಾಗ ನಾಲ್ಕು ಸಲ ಬಡಿದು ಹೆಗಲು ಹಿಡಿದುಕೊಂಡರು.

"ಎಂಟು ಇಡು."

ಎಂಟಿಟ್ಟೆ. ಅವರು ಮುದ್ದೆ ಮಾಡಿ ಬಡಿಯತೊಡಗಿದರು. ಮೂರು ತಿಂಗಳ ನಂತರ ಆ ಸದ್ದು. ದುರುಗಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದರು. ರೊಟ್ಟಿ ತಿರುಗಿತು, ಅಂಚು ಸ್ವಲ್ಪ ಹರಿಯಿತು.

"ಕೈ ಮರತೈತಿ" ಎಂದರು ಹುಲಿಗೆಮ್ಮಕ್ಕ. "ಎತ್ತರ ಬರೋಬರಿ ಐತಿ."

ಆಮೇಲಿನ ಹದಿನೈದು ದಿನ ಮರದ ಕೆಳಗೇ ಅಡುಗೆಮನೆ ಆಯಿತು. ನಾವು ಕಂಡುಕೊಂಡದ್ದು ಇಷ್ಟು: ಅವರಿಗೆ ಕಷ್ಟ ಕೂತು ಮಾಡುವುದಲ್ಲ, ಹೊತ್ತು ಸಾಗಿಸುವುದು. ಊರುಗೋಲು ಹಿಡಿದವರಿಗೆ ಪಾತ್ರೆ ಹಿಡಿಯಲು ಕೈ ಎಲ್ಲಿ? ಹಾಗಾದರೆ ಯಾವುದನ್ನೂ ಎತ್ತಬಾರದು, ದೂಡಬೇಕು. ನೀರು, ಹಿಟ್ಟು, ಒಲೆ ಮೂರೂ ಒಂದೇ ಮಟ್ಟದಲ್ಲಿ, ಅವರನ್ನು ಮೂರು ಕಡೆಯಿಂದ ಸುತ್ತುವಂತೆ ಇರಬೇಕು. ಬಲಗೈಗೆ ನೀರಿನ ಡ್ರಮ್ಮು, ಅದರ ನಲ್ಲಿ ಕಟ್ಟೆಯ ಮೇಲೇ ಬೀಳಬೇಕು. ಎದುರಿಗೆ ರೊಟ್ಟಿ ಬಡಿಯುವ ಕಲ್ಲು, ಅದರ ಅಡಿ ಖಾಲಿ, ಕಾಲಿಗೆ ಜಾಗ. ಎಡಕ್ಕೆ ಗ್ಯಾಸಿನ ಒಲೆ. ಒಲೆಯೇ ಎತ್ತರವಾದ್ದರಿಂದ ಅಲ್ಲಿ ಕಟ್ಟೆ ಎರಡು ಇಟ್ಟಿಗೆ ತಗ್ಗಬೇಕು. ಆಗ ಹಂಚು ಕಲ್ಲಿನ ಮಟ್ಟಕ್ಕೆ ಬರುತ್ತದೆ. ಹಂಚೆಂದರೆ ರೊಟ್ಟಿ ಬೇಯಿಸುವ ಕಾವಲಿ. ನೀರು ತುಂಬಿದ ಪಾತ್ರೆಯನ್ನು ಬಲದಿಂದ ಎಡಕ್ಕೆ ಕಲ್ಲಿನ ಮೇಲೆ ಜಾರಿಸಿದರೆ ಸಾಕು, ಒಲೆ ಸೇರುತ್ತದೆ. ನನ್ನ ಜೀವನದಲ್ಲಿ ಬರೆದ ಅತ್ಯಂತ ಚಿಕ್ಕ ಅಡುಗೆಮನೆ ಅದು. ಕೈ ಚಾಚಿದಷ್ಟೇ ಅಗಲ.

ಕಿಟಕಿಯ ಬದಲು ಹಿತ್ತಿಲ ಗೋಡೆಯಲ್ಲಿ ಎತ್ತರದ ಕಿಂಡಿಗಳು. ನಮ್ಮಲ್ಲಿ ಗಾಳಿ ಬರಲಿ ಎಂದು ಗೋಡೆ ಒಡೆಯುತ್ತೇವೆ, ಇಲ್ಲಿ ಯಾವ ಗಾಳಿ ಎಂದು ಮೊದಲು ಕೇಳಬೇಕು.

ಹೊಸಪೇಟೆಯಿಂದ ಖಾಜಾಸಾಬ್ ಎಂಬ ಗೌಂಡಿ ಬಂದರು. ನಮ್ಮ ಕಡೆ ಮೇಸ್ತ್ರಿ ಎನ್ನುವವರಿಗೆ ಇಲ್ಲಿ ಗೌಂಡಿ ಅನ್ನುತ್ತಾರೆ. ಕಟ್ಟೆ ಇಷ್ಟು ಗಿಡ್ಡ ಯಾಕೆ ಎಂದು ಎರಡು ಸಲ ಕೇಳಿದರು. ಹುಲಿಗೆಮ್ಮಕ್ಕ ಕೂತು ತೋರಿಸಿದ ಮೇಲೆ ಮತ್ತೆ ಕೇಳಲಿಲ್ಲ; ಮೂಲೆ, ಅಂಚುಗಳನ್ನು ನಾನು ಬರೆದದ್ದಕ್ಕಿಂತ ಚೆನ್ನಾಗಿ ದುಂಡಗೆ ಮಾಡಿಕೊಟ್ಟರು. ತಿರುಗುವ ಸ್ಟೂಲೊಂದು ಬೇಕಿತ್ತು. ಸುಧಾಕರ ಗುಜರಿಯಲ್ಲಿ ಹುಡುಕಿ ಒಂದು ಬೇರಿಂಗ್ ತಂದು, ವೆಲ್ಡಿಂಗ್ ಮಾಡುವ ಗೆಳೆಯನಿಂದ ಕಬ್ಬಿಣದ ಸ್ಟೂಲು ಮಾಡಿಸಿದ.

"ಯಾವುದರದು ಇದು?" ಎಂದು ಹುಲಿಗೆಮ್ಮಕ್ಕ ಬೇರಿಂಗ್ ಮುಟ್ಟಿ ಕೇಳಿದರು.

ಸುಧಾಕರ ತಡವರಿಸಿದ. "ಲಾರಿದು ಅಕ್ಕಾ."

ಅವರು ಸ್ಟೂಲನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಹ್ಞೂಂ. ಇದಾದ್ರೂ ನನ್ನ ಮಾತು ಕೇಳ್ತೈತಿ" ಎಂದರು.

ಕಟ್ಟೆ ಒಣಗಿತು. ದುರುಗಮ್ಮ ಊರಿಗೆ ಹೊರಡಲು ಒಂದು ವಾರ ಇತ್ತು. ಮೊದಲ ದಿನ ಹುಲಿಗೆಮ್ಮಕ್ಕ ಆರು ರೊಟ್ಟಿ, ಒಂದು ಪಲ್ಲೆ ಮಾಡಿದರು. ಹನುಮಂತಪ್ಪಣ್ಣ ಪಡಸಾಲೆಯಲ್ಲಿ ಕೂತು ಉಂಡರು. ನಾನು ನನ್ನ ಮನೆಗೆ ಬಂದು, ಸುಧಾಕರನಿಗೆ "ಹ್ವಾಯ್, ಗೆದ್ದೆವು" ಎಂದು ಹೇಳುತ್ತಿರುವಾಗಲೇ ಪಕ್ಕದಲ್ಲಿ ದೊಡ್ಡ ಸದ್ದಾಯಿತು.

ಹುಲಿಗೆಮ್ಮಕ್ಕ ನೆಲದ ಮೇಲಿದ್ದರು. ಏಳಲೆಂದು ಸ್ಟೂಲಿಗೆ ಕೈಯೂರಿದಾಗ ಅದು ತಿರುಗಿಬಿಟ್ಟಿತ್ತು. ಹಣೆಗೆ ಕಟ್ಟೆಯ ಅಂಚು ತಾಗಿತ್ತು. ಖಾಜಾಸಾಬ್ ಅಂಚನ್ನು ದುಂಡಗೆ ಮಾಡಿರದಿದ್ದರೆ ರಕ್ತ ಬರುತ್ತಿತ್ತು. ಬುಗುಟೆ ಮಾತ್ರ ಬಂದಿತ್ತು. ಕೂರುವುದು, ತಿರುಗುವುದು, ಎಟುಕುವುದು, ಎಲ್ಲವನ್ನೂ ಯೋಚಿಸಿದ್ದೆ. ಏಳುವುದನ್ನು ಯೋಚಿಸಿರಲಿಲ್ಲ. ಎರಡು ಕಾಲಿರುವವಳಿಗೆ ಏಳುವುದು ಒಂದು ಕೆಲಸ ಎಂದು ಅನ್ನಿಸುವುದೇ ಇಲ್ಲ.

ಹನುಮಂತಪ್ಪಣ್ಣ ನನ್ನ ಮೇಲೆ ಹರಿಹಾಯ್ದರು. "ಸಾಕು ಮಾಡವ್ವಾ ನಿನ್ನ ನಕ್ಷಿ! ಇನ್ನೊಂದು ಕಾಲೂ ಮುರೀಬೇಕೇನು? ನಾಳಿಗೇ ಎಮ್ಮಿಗನೂರಿಗೆ ಹೋಗೂದು."

ನೆಲದ ಮೇಲಿಂದ ಹುಲಿಗೆಮ್ಮಕ್ಕ ಹೇಳಿದರು, "ಬಿದ್ದಾಕಿ ನಾನು. ಬೈಯೋದಿದ್ರ ನಾನು ಬೈತೀನಿ. ನೀ ಸುಮ್ಮನ ನನ್ನ ಎತ್ತು."

ಎತ್ತಿ ಮಂಚಕ್ಕೆ ಕೂರಿಸಿದೆವು. ದುರುಗಮ್ಮ ಅಕ್ಕನ ಹಣೆಗೆ ಅರಿಸಿನ ಹಚ್ಚುತ್ತಾ ಮೇಲೆ ನೋಡುತ್ತಿದ್ದರು. ಪಡಸಾಲೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇತ್ತು. ಆ ಮನೆ ಕಟ್ಟಿದ ಹಿರಿಯರು ತೊಟ್ಟಿಲು ಕಟ್ಟಲು ಹಾಕಿಸಿದ್ದು.

"ಅಂಥಾದ್ದೊಂದು ಅಡಿಗಿಮನ್ಯಾಗ ಹಾಕ್ರಿ" ಎಂದರು ದುರುಗಮ್ಮ. "ಸ್ಟೂಲಿನ ನೆತ್ತಿ ಮ್ಯಾಲೆ. ಒಂದು ಹಗ್ಗ ಬಿಡ್ರಿ, ಗಂಟು ಹಾಕಿ. ಹಿಡ್ಕೊಂಡು ಏಳ್ತಾಳ. ಕಬ್ಬಿನ ಹೊರಿ ಹೊತ್ತ ಕೈ ಅವು, ಸಣ್ಣಾಕಿ ಇದ್ದಾಗಿಂದ."

ಹನುಮಂತಪ್ಪಣ್ಣ, "ನೀನೂ ಇವರ ಕಡಿನಾ?" ಎಂದರು.

"ಹೌದು ಮಾವಾ. ನಮ್ಮನಿಗೆ ಬಂದ್ರ ಅಕ್ಕ ಮೂಲ್ಯಾಗ ಕುಂದ್ರಾಕಿ. ನನ್ನ ಸೊಸಿ ಕೈಯಾಗ ಉಣ್ಣಾಕಿ. ಅದನ್ನ ನಾ ನೋಡಲಾರೆ." ಮೂರು ತಿಂಗಳಲ್ಲಿ ದುರುಗಮ್ಮ ಆಡಿದ ಅತಿ ಉದ್ದದ ಮಾತು ಅದೇ. ಅಷ್ಟು ಹೇಳಿ ಎದ್ದು ಒಳಗೆ ಹೋಗಿ ಪಾತ್ರೆ ಜೋಡಿಸಿದರು.

ಖಾಜಾಸಾಬ್ ಮತ್ತೆ ಬಂದರು. ಕೊಂಡಿ ಹಾಕಿದರು. ಸುಧಾಕರ ಸ್ಟೂಲಿಗೆ ಒಂದು ಕೀಲು ಮಾಡಿಸಿದ. ಅದನ್ನು ಒತ್ತಿದರೆ ಸ್ಟೂಲು ತಿರುಗದೆ ನಿಲ್ಲುತ್ತದೆ. ಹುಲಿಗೆಮ್ಮಕ್ಕ ಎರಡು ದಿನ ಅಡುಗೆಯನ್ನೇ ಮಾಡದೆ ಬರೀ ಏಳುವುದು, ಕೂರುವುದು ಮಾಡಿದರು. ಕೀಲು ಒತ್ತು, ಹಗ್ಗ ಹಿಡಿ, ಏಳು, ಊರುಗೋಲು ತಗೋ. ನಾನು, ದುರುಗಮ್ಮ ಎರಡು ಬದಿಯಲ್ಲಿ ನಿಂತಿರುತ್ತಿದ್ದೆವು. ಮೂರನೆಯ ದಿನ ಇಬ್ಬರನ್ನೂ ಹೊರಗೆ ಕಳಿಸಿದರು. "ನೋಡಾಕ ನಿಂತ್ರ ಬೀಳ್ತೀನಿ. ಹೋಗ್ರಿ."

ಹೊರಗೆ ಬೇವಿನ ಕೆಳಗೆ ಕೂತು ನಾವಿಬ್ಬರೂ ಕಿವಿ ಕೊಟ್ಟೆವು. ನಲ್ಲಿ ತಿರುಗಿದ ಸದ್ದು. ಪಾತ್ರೆ ಕಲ್ಲಿನ ಮೇಲೆ ಸರಿದ ಸದ್ದು. ಆಮೇಲೆ ಬಡಿತ ಶುರುವಾಯಿತು, ನಿಲ್ಲದೆ, ಮೊದಲಿನ ಲಯಕ್ಕೆ. ದುರುಗಮ್ಮ ಸೆರಗಿನಿಂದ ಮೂಗು ಒರಸಿಕೊಂಡು, "ಹೊಂಟೆ ನಾನಿನ್ನ, ಸಸಿ ಕೀಳಾಕ ಜನ ಹಚ್ಚಬೇಕು" ಎಂದರು. ಮರುದಿನದ ಬಸ್ಸಿಗೆ ಹೋದರು. ಅವರ ಬುತ್ತಿಯ ರೊಟ್ಟಿ ಅಕ್ಕನೇ ಕಟ್ಟಿದ್ದು.

ಗುತ್ತಿಗೆಯವರಿಗೆ ಹನುಮಂತಪ್ಪಣ್ಣ ಏನು ಹೇಳಿ ಕಳಿಸಿದರೋ ತಿಳಿಯದು. ನಮಗೆ ಮಾತ್ರ ಒಂದು ಸಂಜೆ, "ನಳದ ನೀರು ನಿಮ್ಮ ಕಡೀನೂ ಬಿಡಸ್ತೀನಿ, ಒಂದು ಪೈಪ್ ಎಳಸಾಣು" ಎಂದರು. ನಾವು ಉಳಿದೆವು ಎಂದು ಅದರಿಂದ ತಿಳಿದುಕೊಂಡೆವು.

ಸುದ್ದಿ ಹೇಗೆ ಹರಡಿತೋ, ಜನ ಬಂದು ನೋಡತೊಡಗಿದರು. ಕಮಲಾಪುರದ ಬಾಳೆತೋಟದ ಮನೆಯವರೊಬ್ಬರಿಗೆ ಮಂಡಿನೋವು. ಅವರಿಗೆ ಅಂಥದೇ ಕಲ್ಲು ಹಾಕಿಸಿಕೊಟ್ಟೆ. ಸಂಡೂರಿನಲ್ಲಿ ಲಾರಿಗಳ ಮಾಲೀಕರೊಬ್ಬರು ದೊಡ್ಡ ಬಂಗಲೆ ಕಟ್ಟಿ, ಪತ್ರಿಕೆಯ ಚಿತ್ರ ತೋರಿಸಿ ಹೊಳೆಯುವ ಅಡುಗೆಮನೆ ಬೇಕೆಂದರು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ಹಿತ್ತಿಲಲ್ಲಿ ಕುಂದ್ರೋ ಒಲೆಗೂ ಒಂದು ಜಾಗ ಬಿಡು ಎಂದು ಪಿಸುಗುಟ್ಟಿದರು. ಹೊಸಪೇಟೆಯ ವೈಷ್ಣವರ ಮನೆಯ ಹಿರಿಯರೊಬ್ಬರು ಮಡಿಯ ನೀರಿಗೆ ಬೇರೆ ನಲ್ಲಿ, ಅದನ್ನು ಮುಟ್ಟದೆ ದಾಟುವ ದಾರಿ ಕೇಳಿದರು. ಆ ದಾರಿಯನ್ನು ಅವರ ಹಿಂದೆ ನಡೆದುಕೊಂಡೇ ಅಳೆದೆ. ಈಗ ನಾನು ಕಾಗದ ತೆಗೆಯುವ ಮೊದಲು ಒಂದು ಹೊತ್ತಿನ ಅಡುಗೆ ನೋಡುತ್ತೇನೆ. ಒಂದೊಂದು ಮನೆಯಲ್ಲಿ 'ಕುಂದ್ರಿ' ಎನ್ನುತ್ತಾರೆ, ಕುಂದ್ರುತ್ತೇನೆ, ನೋಡುತ್ತೇನೆ. ನನ್ನನ್ನು ಅವರು ಕರೆಯುವುದು 'ಕುರೆಕುಪ್ಪದ ಅಡಿಗಿಮನಿಯಾಕಿ' ಎಂದು. ಕುಂದಾಪುರದವಳು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಈ ಸಲ ಮಳೆಗಾಲ ಮುಗಿದ ಮೇಲೆ ಊರಿಗೆ ಹೋಗಿದ್ದೆ. ಅಮ್ಮನ ಮನೆಯ ಪಕ್ಕದ ಜಾಗದಲ್ಲಿ ನಾವೊಂದು ಚಿಕ್ಕ ಮನೆ ಎಬ್ಬಿಸುತ್ತಿದ್ದೇವೆ. ಒಂದಲ್ಲ ಒಂದು ದಿನ ಹಿಂತಿರುಗಬೇಕಲ್ಲ ಎಂದು. ಗೋಡೆ ಎದ್ದಿತ್ತು. ಅಡುಗೆಮನೆಗೆ ಕಟ್ಟೆ ಎಷ್ಟು ಎತ್ತರ ಎಂದು ಮೇಸ್ತ್ರಿ ಕೇಳಿದರು. ಹಸಿ ಗೋಡೆಯ ಮೇಲೆ ಇದ್ದಿಲಿನಿಂದ ನಾನು ಎರಡು ಗುರುತು ಹಾಕಿದೆ, ಒಂದು ಮೂವತ್ತೆರಡು ಇಂಚಿಗೆ, ಇನ್ನೊಂದು ಎಂಟು ಇಟ್ಟಿಗೆಯ ಎತ್ತರಕ್ಕೆ.

ಅಮ್ಮ ಹತ್ತಿರ ಬಂದು ಕೆಳಗಿನ ಗುರುತನ್ನು ತೋರಿಸಿ, "ಇದ್ ಯಾರಿಗೆ?" ಎಂದು ಕೇಳಿದರು.

"ನಂಗೆ."

"ಮತ್ತೆ ಈ ಮೇಲಿಂದ್?"

"ಅದೂ ನಂಗೇ."

ಅಮ್ಮ ನನ್ನ ಮುಖ ನೋಡಿದರು. ಕೋಣೆ ಚಿಕ್ಕದು, ಎರಡಕ್ಕೆ ಜಾಗ ಸಾಲುವುದಿಲ್ಲ, ಒಂದನ್ನು ಅಳಿಸಿ ಎಂದರು ಮೇಸ್ತ್ರಿ. ನಾನು ಮರುದಿನ ಹೊಸಪೇಟೆಯ ಬಸ್ಸು ಹತ್ತಿದೆ. ಯಾವುದನ್ನು ಅಳಿಸಲಿ ಎಂದು ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ನಾನಿನ್ನೂ ಹೇಳಿಲ್ಲ.